ಮೆತ್ತಗೆ ಬಂದ ಕಲ್ಲಂಗಡಿ

ಕಾಯ್ ರಾಂಗ್ ನದಿಸಂತೆ,
೨೮ ಜನವರಿ ೧೯೯೭

ಖಾಂಗ್‌ನ ಅಪ್ಪನಿಗೆ ಸೆನ್ ಮಾಡುವ ನಮಸ್ಕಾರಗಳು.

ಭುಜದ ನೋವು ಹೇಗಿದೆ? ಆಸ್ಪತ್ರೆಯ ಗಂಜಿ ಸಪ್ಪೆಯೆಂದು ಖಾಂಗ್‌ನ ಮೇಲೆ ರೇಗಬೇಡಿ; ನಿಮ್ಮನ್ನು ನೋಡಿಕೊಳ್ಳಲು ಅಲ್ಲಿ ಮಗನೊಬ್ಬನೇ ಇರುವುದು. ಹದಿನೈದು ದಿನದಲ್ಲಿ ಬಂದು ನಾನೇ ಹಣ್ಣು ಎಸೆಯುತ್ತೇನೆ, ಕಾಯಿರಿ ಎಂದು ಬರೆದಿದ್ದಿರಿ. ಅಷ್ಟರಲ್ಲಿ ನಮ್ಮ ಚಾಂದ್ರಮಾನ ಹೊಸ ವರ್ಷದ ಹಬ್ಬವೇ ಮುಗಿದಿರುತ್ತದೆ. ಆಮೇಲೆ ಕಲ್ಲಂಗಡಿಯನ್ನು ಯಾರು ಕೇಳುತ್ತಾರೆ?

ನಿನ್ನೆ ಬೆಳಿಗ್ಗೆ ತಾಮ್ ಅಕ್ಕನ ತೋಟದ ದೋಣಿ ಬಂತು. ಅಲ್ಲಿಂದ ನಮ್ಮ ದೋಣಿಯಲ್ಲಿ ನಿಂತ ನನ್ನ ಕೈಗೆ ಹಣ್ಣು ಎಸೆಯಲು ನೀವಿಲ್ಲ. "ಪಾಠ ಹೇಳೋ ಕೈಗೆ ಕಲ್ಲಂಗಡಿ ಒಗ್ಗಲ್ಲ" ಎಂದು ಮೂರು ವರ್ಷ ನೀವು ದಡದಲ್ಲೇ ಕೂರಿಸಿದ ಸೊಸೆ ಲಾಯ್, ಶಾಲೆಗೆ ರಜೆ ಹಾಕಿ ಆ ದೋಣಿ ಹತ್ತಿ ನಿಂತಳು. ಮೊದಲ ಹಣ್ಣನ್ನು ನೇರಕ್ಕೆ ಬೀಸಿದಳು; ಹಿಡಿದ ನನ್ನ ಮಣಿಕಟ್ಟು ನೊಂದಿತು. ಎರಡನೆಯದು ದೋಣಿಯ ಅಂಚಿಗೆ ಬಡಿದು ಒಡೆದು ನೀರಿಗೆ ಬಿತ್ತು. "ಟೀಚರಮ್ಮ ಮೀನಿಗೆ ಹಬ್ಬದೂಟ ಹಾಕ್ತಿದ್ದಾಳೆ ನೋಡೇ ಸೆನ್" ಎಂದಳು ತಾಮ್ ಅಕ್ಕ. ಲಾಯ್ ಹೆದರಿ ಮೂರನೆಯದನ್ನು ಆಕಾಶಕ್ಕೆ ಎಸೆದಳು. ಅದು ಮರದಿಂದ ತೆಂಗಿನಕಾಯಿ ಬಿದ್ದಂತೆ ನನ್ನ ಕೈಗೆ ಬಿತ್ತು. ಇನ್ನು ಸಾಕು ಎನ್ನುವಷ್ಟರಲ್ಲಿ ಹುಡುಗಿ ನಕ್ಕಳು. "ಅತ್ತೆ, ಕೈ ಬಿಟ್ಟಾಗ ಎಷ್ಟು ವೇಗವೋ, ಅದೇ ಎತ್ತರದಲ್ಲಿ ನಿಮ್ಮ ಕೈಗೆ ಬಂದಾಗ್ಲೂ ಅಷ್ಟೇ. ನೇರಕ್ಕೆ ಎಸೆಯೋಕೂ ಜೋರು ಬೇಕು, ಮೇಲಕ್ಕೆ ಎಸೆಯೋಕೂ ಜೋರು ಬೇಕು. ಎರಡರ ನಡುಮಧ್ಯೆ ಎಸೆದ್ರೆ ಕಮ್ಮಿ ಜೋರಲ್ಲೇ ದಾಟುತ್ತೆ, ನಿಮ್ಮ ಕೈಗೂ ಮೆತ್ತಗೆ ಬರುತ್ತೆ."

ನಾಲ್ಕನೆಯದು ನಡುಮಧ್ಯೆ ಬಾಗಿ ಬಂದು, ಮಲಗಿದ ಕೂಸನ್ನು ಕೈಗಿತ್ತಂತೆ ಕುಳಿತುಕೊಂಡಿತು. ಅದು ನಿಮ್ಮದೇ ಎಸೆತ. ಮಧ್ಯಾಹ್ನದೊಳಗೆ ದೋಣಿ ತುಂಬಿತು, ಮತ್ತೊಂದು ಹಣ್ಣೂ ಒಡೆಯಲಿಲ್ಲ. ಎಲ್ಲಿ ಕಲಿತೆ ಎಂದೆ. "ಲೆಕ್ಕ ಪುಸ್ತಕದ್ದು ಅತ್ತೆ, ಎಸೆತ ಮಾವಂದು. ದಡದಲ್ಲಿ ಕೂತು ಮೂರು ವರ್ಷ ನೋಡಿಲ್ವಾ? ಪುಸ್ತಕ ಓದದೇನೇ ಅವರ ಕೈಗೆ ಅದು ಗೊತ್ತಿತ್ತು" ಎಂದಳು. ಇಂಥ ಸೊಸೆಯನ್ನು ದೂರ ಇಟ್ಟೆವಲ್ಲ ಎಂದು ನಾಚಿಕೆಯಾಯಿತು.

ನದಿತಾಯಿ ನಿಮ್ಮನ್ನು ಕಾಯಲಿ. ಲಾಯ್ ತಲೆಬಾಗಿ ವಂದಿಸಿದ್ದಾಳೆ.

ಇಂತಿ ನಿಮ್ಮ
ಸೆನ್

ತಾ.ಕ.: ಕಾಗದ ಒಯ್ಯುವ ದೋಣಿ ಹೊರಟಿದೆ, ಬೇಗ ಬರೆಯುತ್ತೇನೆ. ಆ ತೋಳು ಇನ್ನು ಮೇಲೇಳುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಖಾಂಗ್ ತಿಳಿಸಿದ್ದಾನೆ. ನೀವು ಬಚ್ಚಿಟ್ಟಿದ್ದಕ್ಕೆ ಸಿಟ್ಟಿಲ್ಲ. ಎಸೆಯುವ ಜಾಗವನ್ನು ಲಾಯ್‌ಗೆ ಕೊಟ್ಟಿದ್ದೇನೆ. ನೀವು ಬಂದು ನನ್ನ ಪಕ್ಕ ನಿಲ್ಲಿ. ಹಿಡಿಯುವ ಕೈ ಎದೆಮಟ್ಟ ದಾಟಬೇಕಿಲ್ಲ, ಸಣ್ಣ ಹಣ್ಣನ್ನೇ ಎಸೆಯಲು ಹೇಳುತ್ತೇನೆ. ಮೂವತ್ತು ವರ್ಷ ನೀವು ಎಸೆದದ್ದು ನನ್ನ ಕೈಗೆ ಎಷ್ಟು ಮೆತ್ತಗೆ ಬರುತ್ತಿತ್ತೆಂದು ನಿಮಗೆ ಗೊತ್ತೇ ಇಲ್ಲ. ಒಮ್ಮೆ ಹಿಡಿದು ನೋಡಿ.