ರಾಣಿಗೆ ಎದೆಯ ಜೇಬು

ಮನೆಯಿಂದ,
ಮೇ ೧೨, ಭಾನುವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಉಸಿರಾಟ ಸರಿಯಾಗಿದೆಯಾ? ತುಟಿಯ ಊತ ಪೂರ್ತಿ ಇಳಿಯಿತಾ? ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ನಾನೊಬ್ಬಳನ್ನು ಬಿಟ್ಟು. ಮತ್ತೆ ಕೆಟ್ಟ ಕನಸು ಬಿತ್ತು. ಜೇನುಗೂಡು ತೆರೆಯುವಾಗ ಹಾಕಿಕೊಳ್ಳುತ್ತೀಯಲ್ಲ, ಆ ಬಲೆಯ ಟೋಪಿ, ಅದು ನಮ್ಮ ಮೆಟ್ಟಿಲು ಹತ್ತಿ ಬಂತು. ಒಳಗೆ ಮುಖವೇ ಇಲ್ಲ. "ಅಕ್ಕಾ, ನೀರು" ಅಂತ ಮಾತ್ರ ಕೇಳಿಸಿತು. ನಾನು ಕಿರುಚಿಕೊಂಡು ಎದ್ದು ಕೂತರೆ ನಿನ್ನ ಭಾವ "ಕನಸಿಗೆಲ್ಲ ಹೆದರ್ತಾರೇನೇ" ಅಂದು ಗೊರಕೆ ಮುಂದುವರಿಸಿದರು. ಅವರಿಗೇನು, ಮನೆ ಮೇಲೆ ಬಿದ್ದರೂ ಮಗ್ಗುಲು ಬದಲಾಯಿಸುವವರು. ಫೋನ್ ಮಾಡಿದರೆ ನೀನು "ಆಮೇಲೆ ಅಕ್ಕಾ" ಅಂತ ಕಟ್ ಮಾಡುತ್ತೀಯ. ಅದಕ್ಕೇ ಕಾಗದ. ತಪ್ಪುಗಳಿದ್ದರೆ ಇರಲಿ, ಓದು.

ನನ್ನ ಓದು ಅರ್ಧಕ್ಕೇ ನಿಂತಿತು, ಒಪ್ಪಿದೆ. ಆದರೂ ನೀನು ಬಿಡಿಸಿ ಹೇಳಿದ್ದು ತಲೆಯಲ್ಲಿದೆ. ಜೇನು ಸಂಸಾರಗಳು ಸೊರಗುತ್ತಿವೆ, ರಾಣಿಗಳು ಮೊದಲಿನಷ್ಟು ಕಾಲ ಬಾಳುತ್ತಿಲ್ಲ, ಜೇನು ಸಾಕುವವರಿಗೆ ಕಳಿಸುವಾಗ ಪಾರ್ಸೆಲ್ ಲಾರಿಯ ಸೆಕೆಯಲ್ಲಿ ಬೆಂದ ರಾಣಿ ಮೇಲಕ್ಕೆ ಗಟ್ಟಿಯಾಗಿ ಕಂಡರೂ ಒಳಗೆ ಕೆಟ್ಟಿರುತ್ತಾಳೆ. ಇಷ್ಟು ತಿಳಿಯೋಕೆ ನಿಮ್ಮ ಜೇನು ಸಂಶೋಧನಾ ಕೇಂದ್ರದ ಮುಖ್ಯಸ್ಥನಿಗೆ ಒಂದು ಇಡೀ ಕಟ್ಟಡ ಬೇಕಾಯ್ತು. ರಾಣಿಯಂತೆ ರಾಣಿ! ದಿನವಿಡೀ ಮೊಟ್ಟೆ ಇಡೋದು, ಸ್ವಲ್ಪ ಸೋತಳೋ, ಹೆತ್ತ ಮಕ್ಕಳೇ ಸೇರಿ ಮುಗಿಸೋದು. ಇದಕ್ಕಿಂತ ಪಕ್ಕದ ಮನೆಯ ಮುದುಕಿಯ ಬಾಳು ವಾಸಿ, ಅವಳ ಸೊಸೆ ಬರೀ ಬೈಯುತ್ತಾಳೆ.

ಆ ಮುಖ್ಯಸ್ಥನ ಮುಖ ನೆನೆದರೆ ಅನ್ನ ಸೇರೋದಿಲ್ಲ. ಹುಳು ಕಚ್ಚಿ ನಿನ್ನ ಗಂಟಲು ಊದಿ ಉಸಿರು ಕಟ್ಟಿ ಆಸ್ಪತ್ರೆ ಸೇರಿದ ದಿನ ನನಗೆ ಫೋನ್ ಮಾಡಿ ಏನಂದ ಗೊತ್ತಾ? "ಗಾಬರಿ ಬೇಡಿ, ಗೂಡಿಗೆ ಏನೂ ಆಗಿಲ್ಲ." ಗೂಡಿಗೆ! ಕೋಟು ಹಾಕಿಕೊಂಡ ಗಂಡುಹುಳು ಅವನು, ತಿನ್ನೋದೊಂದು ಗೊತ್ತು, ಕೆಲಸಕ್ಕೆ ಬೇರೆಯವರು. "ಇನ್ನೊಮ್ಮೆ ಕಚ್ಚಿದರೆ ಪ್ರಾಣಕ್ಕೇ ಅಪಾಯ, ಕಚ್ಚಿದ ಕೂಡಲೇ ತೊಡೆಗೆ ಚುಚ್ಚಿಕೊಳ್ಳೋಕೆ ಈ ಇಂಜೆಕ್ಷನ್ ಪೆನ್ ಸದಾ ಮೈಮೇಲಿರಲಿ" ಅಂತ ಡಾಕ್ಟರಮ್ಮ ಹೇಳಿದ್ದು ನಾನು ಪಕ್ಕದಲ್ಲೇ ನಿಂತು ಕೇಳಿದ್ದೇನೆ. ನೀನು ತಲೆಯನ್ನೂ ಆಡಿಸಿದ್ದೆ.

ಇನ್ನು ನಿನ್ನ ವಿಷಯ. ಹೋದ ವಾರ ಬಂದಾಗ ನಿನ್ನ ಅಂಗಿಯ ಜೇಬು ಉಬ್ಬಿತ್ತು. ಸದ್ಯ, ಪೆನ್ ಇಟ್ಟುಕೊಂಡಿದ್ದಾನೆ ಅಂತ ನಾನು ಹಿಗ್ಗಿದೆ. ಒಗೆಯೋಕೆ ಅಂಗಿ ಕೇಳಿದರೆ ನೀನು ಜೇಬಿನಿಂದ ತೆಗೆದದ್ದು ಜಾಲರಿಯ ಪುಟ್ಟ ಡಬ್ಬಿ. ಒಳಗೆ ಬೆನ್ನಿಗೆ ಗುರುತಿನ ನೀಲಿ ಚುಕ್ಕೆ ಇಟ್ಟುಕೊಂಡ ಮಹಾರಾಣಿ, ಸುತ್ತ ನಾಲ್ಕು ಆಳುಹುಳುಗಳು. "ಕಾರಲ್ಲಿ ಬಿಟ್ಟರೆ ಬೆಂದುಹೋಗ್ತಾಳೆ ಅಕ್ಕಾ" ಅಂದೆ ನೀನು. ಮತ್ತೆ ಪೆನ್ ಎಲ್ಲೋ ಅಂದರೆ, "ಕಾರಲ್ಲಿದೆ, ಡಿಕ್ಕಿಯಲ್ಲಿ"! ಅಷ್ಟು ಪರೀಕ್ಷೆ ಪಾಸು ಮಾಡಿದ ತಲೆಯಲ್ಲಿ ಮೇಣ ತುಂಬಿಕೊಂಡಿದ್ದೀಯೇನೋ? ಹುಳುವಿಗೆ ಎದೆಯ ಜೇಬು, ಡಿಕ್ಕಿಯ ಕಾವಿಗೆ ನಿನ್ನ ಜೀವದ ಔಷಧಿ.

ಬೈದೆ ಅಂತ ಊಟ ಬಿಡಬೇಡ. ಭಾವ ನಿನ್ನ ಯೋಗಕ್ಷೇಮ ಕೇಳಿದ್ದಾರೆ. ನೂರು ವರ್ಷ ಬಾಳು, ಆ ಹುಳುಗಳು ಹಾಳಾಗಿ ಹೋಗಲಿ.

ನಿನ್ನ
ಅಕ್ಕ

ತಾ.ಕ.: ಔಷಧಿ ಅಂಗಡಿಯವನನ್ನು ಕೇಳಿದೆ. ಕಾವು ತಗುಲಿದರೆ ಪೆನ್ನಿನೊಳಗಿನ ಔಷಧಿ ಕಂದುಬಣ್ಣಕ್ಕೆ ತಿರುಗಿ ಕೆಡುತ್ತದಂತೆ, ಹೊಸದು ತಗೊಳ್ಳಿ ಅಂದ. ಕೊಂಡು ಕಳಿಸೋಣ ಅಂದುಕೊಂಡೆ, ಆ ಪಾರ್ಸೆಲ್ ಲಾರಿಯ ಸೆಕೆ ನೆನಪಾಗಿ ಕೈಬಿಟ್ಟೆ. ನೀನೇ ತಗೋ, ಅಲ್ಲಿಯವರೆಗೆ ಗೂಡು ಮುಟ್ಟಬೇಡ. ಮೊನ್ನೆ ಫೋನಿನಲ್ಲಿ "ನೋಡಿದೆ, ಇನ್ನೂ ಅವಧಿ ಇದೆ" ಅಂದು ಕಟ್ ಮಾಡಿದೆಯಲ್ಲ, ನಾನು ಕೇಳಿದ್ದು ತಾರೀಖು ಅಲ್ಲವೋ. ಈಗಲೇ ಎದ್ದು ಹೋಗಿ ಪೆನ್ನನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡು. ಒಳಗಿರೋದು ನೀರಿನ ಬಣ್ಣಕ್ಕಿದೆಯೋ, ಚಹಾದ ಬಣ್ಣಕ್ಕಿದೆಯೋ?