ಗ್ರೀಕಿಗಾಗಿ ಕೇಳಿದ ಹತ್ತು ತಿಂಗಳು

ಮಂಗಳವಾರ, ಹದಿನಾಲ್ಕನೆಯ ತಾರೀಕು
ಬೆಳಗಿನ ಹತ್ತು ಗಂಟೆ

ಮಗಳೇ,

ಮೊದಲು ‘ಪ್ರಿಯ ಸೊಸೆಗೆ’ ಎಂದು ಬರೆದಿದ್ದೆ. ಆ ಹಾಳೆಯನ್ನು ಹರಿದು ಇದನ್ನು ತೆಗೆದುಕೊಂಡೆ. ನೀನು ಕ್ಷೇಮವಾಗಿರುವೆಯೆಂದು ನಂಬಿದ್ದೇನೆ. ನಾನು ಕ್ಷೇಮ. ಮಂಡಿನೋವು ಇದೆ, ಅದು ಇಲ್ಲಿ ಅಪ್ರಸ್ತುತ.

ನಿನ್ನ ಕಾಗದ ಶನಿವಾರ ಕೈಸೇರಿತು. ಅದರಲ್ಲಿ ಒಟ್ಟು ಮೂರು ವಾಕ್ಯಗಳಿದ್ದವು. ಗ್ರೀಕ್ ಮುಗಿಯಿತೇ ಎಂದು ಮೊದಲನೆಯದು ಕೇಳುತ್ತಿತ್ತು. ನಾನು ಬೇಡವೆಂದರೆ ಈ ಮದುವೆಯನ್ನು ನೀನು ಬಿಟ್ಟುಬಿಡುವೆಯೆಂದು ಎರಡನೆಯದು ಹೇಳುತ್ತಿತ್ತು. ಬಿಟ್ಟ ಮೇಲೆ ನನ್ನ ಮನೆಯ ಬಾಗಿಲಿಗೆ ಬರಲು ನಿನ್ನಿಂದಾಗದು, ಕ್ಷಮಿಸಬೇಕು ಎಂದು ಮೂರನೆಯದು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾಲ್ಕು ವರ್ಷ ಬಿಡದೆ ಬಹುಮಾನ ಪಡೆದವನು ನಾನು. ಇಷ್ಟು ಕಡಿಮೆ ಮಾತಿನಲ್ಲಿ ಎದುರಾಳಿಯ ಎಲ್ಲ ದಾರಿಗಳನ್ನೂ ಮುಚ್ಚಿದವರನ್ನು ಆ ವೇದಿಕೆಗಳಲ್ಲಿ ಕಂಡಿರಲಿಲ್ಲ. ನಿನಗೆ ಬೇಕಾದ ಉತ್ತರ ಈ ಕಾಗದದಲ್ಲಿದೆ. ಆದರೆ ನಾನು ಅದರ ಹತ್ತಿರ ಬಂದದ್ದು ಸುತ್ತುದಾರಿಯಲ್ಲಿ. ಹೇಳುವುದನ್ನೂ ಹಾಗೆಯೇ ಹೇಳಲು ಬಿಡು.

ನೀನು ಅಂದು ಭಾನುವಾರದ ಮಧ್ಯಾಹ್ನ ಬಂದು ಕಿಟಕಿಯ ಬಳಿಯ ಕುರ್ಚಿಯಲ್ಲಿ ಕುಳಿತು ಕನ್ನಡಕದ ಅಂಗಡಿಯವನನ್ನು ಮದುವೆಯಾಗುವ ವಿಷಯ ಹೇಳಿದೆ. ನನ್ನ ಮಗ ತೀರಿಹೋಗಿ ಆಗ ಮೂರು ವರ್ಷ ಮೂರು ತಿಂಗಳಾಗಿತ್ತು. ಆ ಅಂಗಡಿಯವನು ಎಂಥವನು, ನಿನ್ನೊಡನೆ ಹೇಗೆ ಮಾತನಾಡುತ್ತಾನೆ ಎಂದು ನಾನು ಒಂದು ಮಾತನ್ನೂ ಕೇಳಲಿಲ್ಲ. ಬೈಬಲಿನ ಶಾಸ್ತ್ರವಚನವನ್ನು ಮೂಲಭಾಷೆಯಾದ ಗ್ರೀಕಿನಲ್ಲಿ ಪರಿಶೀಲಿಸದೆ ಇಂಥ ವಿಷಯದಲ್ಲಿ ತೀರ್ಮಾನ ಹೇಳಲಾರೆ ಎಂದೆ. ನಿನಗೆ ನಗು ಬಂತು, ತಡೆದುಕೊಂಡೆ. ನಿಮಗೆ ಗ್ರೀಕ್ ಬರುತ್ತದೆಯೇ ಎಂದು ಕೇಳಿದೆ. ಕಲಿಯುತ್ತೇನೆ ಎಂದೆ ನಾನು. ಎಷ್ಟು ದಿನ ಬೇಕು ಎಂದು ಕೇಳಿದ್ದಕ್ಕೆ, ವ್ಯಾಕರಣ ಎಷ್ಟು ದಿನ ಬೇಡುವುದೋ ಅಷ್ಟು ಎಂದೆ. ಆಗ ನೀನು ಹೇಳಿದ್ದನ್ನು ನಾನು ಮರೆತಿಲ್ಲ: “ಸರಿ ಮಾವ, ಕಾಯ್ತೀನಿ. ನೀವು ಹೂಂ ಅನ್ನೋ ತನಕ ತಾರೀಕು ಇಡಲ್ಲ. ಆದ್ರೆ ನೆಪ ಹುಡುಕ್ಕೊಂಡು ಹೋಗ್ಬೇಡಿ, ಉತ್ತರ ಹುಡುಕ್ಕೊಂಡು ಹೋಗಿ.”

ನಾನು ಹೋದದ್ದು ಯಾವುದನ್ನು ಹುಡುಕಿಕೊಂಡು ಎಂಬುದನ್ನು ನೀನೇ ನಿರ್ಧರಿಸು.

ತರಗತಿ ನಡೆಯುವುದು ನಮ್ಮ ಚರ್ಚ್ ಸಭೆಯ ಹಿಂದಿನ ಕೋಣೆಯಲ್ಲಿ, ಮಂಗಳವಾರ ಮತ್ತು ಶುಕ್ರವಾರ ಸಂಜೆ ನಾಲ್ಕೂವರೆಗೆ. ಗಾಯಕರ ನಿಲುವಂಗಿಗಳು ಗೋಡೆಯ ಮೊಳೆಗಳಿಗೆ ನೇತುಬಿದ್ದಿರುತ್ತವೆ. ಮಡಚುವ ಕುರ್ಚಿಗಳಲ್ಲಿ ಒಂದಕ್ಕೆ ಕಾಲು ಕುಂಟು. ತಡವಾಗಿ ಬಂದವರಿಗೆ ಅದೇ ಮೀಸಲು. ಕಲಿಸುವ ಟೀಚರಮ್ಮ ಮೂವತ್ತು ವರ್ಷ ಔಷಧದಂಗಡಿಯಲ್ಲಿ ದುಡಿದವರು. ಡಾಕ್ಟರುಗಳ ಕೈಬರಹ ಓದಿದ ಕಣ್ಣಿಗೆ ಗ್ರೀಕ್ ಏನು ಮಹಾ ಎಂದು ಮೊದಲ ದಿನವೇ ಹೇಳಿ ನಮ್ಮ ಭಯ ಬಿಡಿಸಿದರು. ನನ್ನ ಪಕ್ಕದಲ್ಲಿ ಕೂರುವವನು ಒಬ್ಬ ಬಸ್ ಚಾಲಕ, ಬೆಳಗಿನ ಪಾಳಿ ಮುಗಿಸಿ ಖಾಕಿಯಲ್ಲೇ ಬರುತ್ತಾನೆ. ಅಕ್ಷರ ಇಪ್ಪತ್ತನಾಲ್ಕು. ನಾನು ಅವನ್ನು ಒಂದು ವಾರದಲ್ಲಿ ಕಲಿತೆ. ಅವನು ಮೂರು ದಿನದಲ್ಲಿ ಕಲಿತಿದ್ದ.

ಆ ಭಾಷೆಯಲ್ಲಿ ಪದಗಳು ವಾಕ್ಯದೊಳಗೆ ಎಲ್ಲಿ ಬೇಕಾದರೂ ನಿಲ್ಲುತ್ತವೆ. ಕರ್ತೃ ಯಾರು, ಕರ್ಮ ಯಾವುದು ಎಂಬುದನ್ನು ಪದದ ಕೊನೆ ಹೇಳುತ್ತದೆ, ನಮ್ಮ ವಿಭಕ್ತಿಗಳ ಹಾಗೆಯೇ. ವಿಭಕ್ತಿಯನ್ನು ಹುಟ್ಟಿನಿಂದ ಬಳಸಿದ ನಾನು ಅಲ್ಲಿ ಮುಗ್ಗರಿಸಿದೆ. ವಾಕ್ಯದ ತಲೆಯಲ್ಲಿ ಯಾವ ಪದ ಕಂಡರೂ ಅದನ್ನೇ ಯಜಮಾನನನ್ನಾಗಿ ಮಾಡುತ್ತಿದ್ದೆ. ಚಾಲಕ ನನ್ನ ಕಡೆಗೆ ಬಾಗಿ ಬಿಡಿಸಿ ಹೇಳಿದ: “ಸಾರ್, ಬಸ್ಸು ಎಲ್ಲಿ ನಿಂತಿದೆ ಅಂತ ನೋಡಿ ಹತ್ತಿದ್ರೆ ಊರು ತಪ್ಪುತ್ತೆ. ಬೋರ್ಡ್ ನೋಡ್ಬೇಕು. ಇಲ್ಲಿ ಬೋರ್ಡ್ ಬಾಲದಲ್ಲಿದೆ, ಅಷ್ಟೇ.” ಆಮೇಲೆ ನಾನು ತಪ್ಪಲಿಲ್ಲ. ಕ್ರಿಯಾಪದದ ರೂಪಗಳನ್ನು ಮುಖಕ್ಷೌರ ಮಾಡಿಕೊಳ್ಳುತ್ತ ಗಟ್ಟಿಯಾಗಿ ಹೇಳುತ್ತಿದ್ದೆ: ನಾನು ಬಿಚ್ಚುತ್ತೇನೆ, ನೀನು ಬಿಚ್ಚುತ್ತೀಯೆ, ಅವನು ಬಿಚ್ಚುತ್ತಾನೆ. ಪಕ್ಕದ ಮನೆಯಾಕೆ ಒಂದು ದಿನ ಗೋಡೆಯಾಚೆಯಿಂದ, ಏನಾದರೂ ಸಿಕ್ಕಿಹಾಕಿಕೊಂಡಿದೆಯೇ, ಕತ್ತರಿ ಕೊಡಲೇ ಎಂದು ವಿಚಾರಿಸಿದಳು.

ಟೀಚರಮ್ಮನ ಒಂದು ಪದ್ಧತಿಯನ್ನು ಇಲ್ಲಿ ವಿವರಿಸಲೇಬೇಕು. ಹೊಸ ವಚನವನ್ನು ಅನುವಾದಿಸುವ ಮುನ್ನ ಪ್ರತಿಯೊಬ್ಬರೂ ಒಂದು ಚೀಟಿ ಬರೆಯಬೇಕು. ವಚನ ಏನು ಹೇಳುತ್ತದೆ ಎಂದಲ್ಲ. ಅದು ಏನು ಹೇಳಿದರೆ ನಮಗೆ ಹಿತವಾಗುತ್ತದೆ ಎಂದು. ಹಿಂದೆ ಮಾತ್ರೆಗಳನ್ನು ಹಾಕಿ ಕೊಡುತ್ತಿದ್ದ ಸಣ್ಣ ಕಾಗದದ ಲಕೋಟೆಗಳ ಕಟ್ಟು ಅವರಲ್ಲಿ ಇನ್ನೂ ಉಳಿದಿದೆ. ಚೀಟಿಯನ್ನು ಅದರೊಳಗೆ ಹಾಕಿ ಅಂಟಿಸಿ ಅವರ ಮುಂದಿಡಬೇಕು. ಅನುವಾದ ಮುಗಿದ ಮೇಲೆ ಒಡೆದು ಎರಡನ್ನೂ ಅಕ್ಕಪಕ್ಕ ಇಡುತ್ತಾರೆ. ಡಾಕ್ಟರು ಬರೆದದ್ದನ್ನು ಕೊಡಬೇಕೇ ಹೊರತು ರೋಗಿಗೆ ರುಚಿಸಿದ್ದನ್ನಲ್ಲ ಎಂಬುದು ಅವರ ವಾದ. ಇದು ಮಕ್ಕಳಾಟವೆಂದು ನಾನು ಆಕ್ಷೇಪಿಸಿದ್ದೆ. ಅವರು ನನ್ನ ಆಕ್ಷೇಪವನ್ನು ಪೂರ್ತಿ ಕೇಳಿ, ಒಂದು ಲಕೋಟೆಯನ್ನು ನನ್ನ ಕೈಗಿತ್ತರು.

ನಮ್ಮ ವಚನ, ಅಂದರೆ ನಾನು ನಿನ್ನೆದುರು ಎತ್ತಿ ಹಿಡಿದ ವಚನ, ಅಪೊಸ್ತಲನು ಒಂದು ಸಭೆಗೆ ಬರೆದ ಪತ್ರದಲ್ಲಿದೆ. ಗಂಡನನ್ನು ಕಳೆದುಕೊಂಡವಳು ಹಾಗೆಯೇ ಉಳಿದರೆ ಹೆಚ್ಚು ಸುಖಿ ಎಂಬ ಮಾತು. ಅದನ್ನು ಓದಲು ಬೇಕಾದ ವ್ಯಾಕರಣ ನನಗೆ ಆರನೆಯ ತಿಂಗಳಿಗೇ ಬಂದಿತ್ತು. ಇನ್ನೊಂದು ಪಾಠ ಮುಗಿಯಲಿ, ಇನ್ನೊಂದು ಕಾಲರೂಪ ಬರಲಿ ಎಂದು ನಾನೇ ಮುಂದೂಡಿದೆ. ಮೂವತ್ತೊಂದು ವರ್ಷ ವಿಮಾ ಕಚೇರಿಯಲ್ಲಿ ಕುಳಿತು, ಅರ್ಜಿಯಲ್ಲಿ ಒಂದು ಪದ ಬಿಟ್ಟುಹೋಗಿದ್ದರೂ ‘ವಿಷಾದಿಸುತ್ತೇವೆ’ ಎಂದು ಬರೆದು ಕಳಿಸಿದವನಿಗೆ ಮುಂದೂಡುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಕಳೆದ ಮಂಗಳವಾರ ಟೀಚರಮ್ಮ, ಅವರವರಿಗೆ ಬೇಕಾದ ವಚನವನ್ನು ಅವರವರೇ ಆರಿಸಿಕೊಳ್ಳಿ ಎಂದರು. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಚೀಟಿ ಬರೆದು ಲಕೋಟೆಗೆ ಹಾಕಿದೆ. ನಮ್ಮ ವಚನದ ಹಿಂದಿನ ವಚನದಿಂದ ಆರಂಭಿಸಿದೆ. ಗಂಡನು ಬದುಕಿರುವವರೆಗೆ ಹೆಂಡತಿ ಅವನಿಗೆ ಬದ್ಧಳು, ಗಂಡನು... ಮುಂದಿನ ಪದ ನಿಘಂಟಿನಲ್ಲಿ ಸಿಕ್ಕಿತು. ನಮ್ಮ ಅನುವಾದದಲ್ಲಿ ಅಲ್ಲಿ ಸಾವಿನ ಮಾತಿದೆ. ಮೂಲದಲ್ಲಿರುವುದು ‘ನಿದ್ರೆಹೋದರೆ’. ದಿನವೂ ಮಲಗಿ ಏಳುವವರ ನಿದ್ರೆಗೆ ಬಳಸುವ ಅದೇ ಪದ.

ಅದನ್ನು ಬರೆದು ಮುಂದಕ್ಕೆ ಹೋಗಬೇಕಿತ್ತು. ಪೆನ್ಸಿಲ್ ಹೋಗಲಿಲ್ಲ. ನಿನಗೆ ನನ್ನ ಮಗನ ನಿದ್ರೆ ಗೊತ್ತು. ಅದಕ್ಕೂ ಮೊದಲಿನದು ನನಗೆ ಮಾತ್ರ ಗೊತ್ತು. ಹತ್ತು ವರ್ಷದವನಿದ್ದಾಗ ಕೆನ್ನೆಯ ಕೆಳಗೆ ಅಂಗೈ ಇಟ್ಟುಕೊಂಡು ಮಲಗುತ್ತಿದ್ದ. ಭಾಷಣ ಅಭ್ಯಾಸ ಮಾಡಿಸಲೆಂದು ನಾನು ಬೆಳಗಿನ ಐದಕ್ಕೆ ಅವನ ಹೊದಿಕೆಯನ್ನು ಎಳೆಯುತ್ತಿದ್ದೆ. ನಡುಗುತ್ತ ಎದ್ದು ನಿಂತು, ‘ಮಾನ್ಯ ಅಧ್ಯಕ್ಷರೇ’ ಎಂದು ಆರಂಭಿಸುತ್ತಿದ್ದ. ಅವನಿಗೆ ವಾದ ಒಗ್ಗಲಿಲ್ಲ. ಎದುರಿನವರ ಮಾತು ಸರಿಯೆನಿಸಿದರೆ ಅಲ್ಲೇ ಒಪ್ಪಿಬಿಡುತ್ತಿದ್ದ. ಅದನ್ನು ನಾನು ಬಹಳ ವರ್ಷ ದೌರ್ಬಲ್ಯವೆಂದು ತಿಳಿದಿದ್ದೆ. ಚಾಲಕ ನನ್ನ ಪುಟವನ್ನು ನೋಡಿದ, ನನ್ನ ಮುಖವನ್ನು ನೋಡಲಿಲ್ಲ. ಎದ್ದು ಹೋಗಿ ಒಂದು ಲೋಟ ನೀರು ತಂದಿಟ್ಟು ತನ್ನ ಕೆಲಸಕ್ಕೆ ಮರಳಿದ.

ನೀರು ಕುಡಿದು ಅನುವಾದ ಮುಗಿಸಿದೆ. ಲಕೋಟೆ ಒಡೆದರು. ‘ಅವಳು ಹಾಗೆಯೇ ಉಳಿದರೆ ಹೆಚ್ಚು ಸುಖಿ’ ಎಂದು ಚೀಟಿಯಲ್ಲಿತ್ತು. ‘ಅವಳು ಹಾಗೆಯೇ ಉಳಿದರೆ ಹೆಚ್ಚು ಸುಖಿ’ ಎಂದು ಹಾಳೆಯಲ್ಲೂ ಇತ್ತು. ಟೀಚರಮ್ಮ ಎರಡನ್ನೂ ಅಕ್ಕಪಕ್ಕ ಇಟ್ಟರು. “ಅನುವಾದ ಚೆನ್ನಾಗಿದೆ ಸಾರ್. ಆದ್ರೆ ಇದನ್ನ ನೀವು ಪುಸ್ತಕ ತೆಗೆಯೋಕೆ ಮುಂಚೆನೇ ಮಾಡಿ ಮುಗಿಸಿದ್ರಿ.” ಹಾಗೆ ಹೇಳಿ ಮೂಲದ ಮೇಲೆ ಬೆರಳಿಟ್ಟರು. ಅಲ್ಲಿ ಇನ್ನೂ ನಾಲ್ಕು ಪದಗಳಿದ್ದವು. ಕನ್ನಡದಲ್ಲಿ ‘ನನ್ನ ಅಭಿಪ್ರಾಯದಲ್ಲಿ.’ ನಾಲ್ಕೂ ನಾನು ಬಲ್ಲ ಪದಗಳೇ. ಅಪೊಸ್ತಲನು ಬರೆದಿದ್ದಾನೆ, ನಾನು ಬಿಟ್ಟಿದ್ದೆ. ಬೇಕೆಂದು ಬಿಟ್ಟದ್ದಲ್ಲ ಎಂದು ಪ್ರಮಾಣ ಮಾಡಬಲ್ಲೆ. ಕಣ್ಣಿಗೆ ಅವು ಬೀಳಲೇ ಇಲ್ಲ.

ನಾನು ಸುಮ್ಮನಾಗಲಿಲ್ಲ. ಎದ್ದು ನಿಂತು ವಾದಿಸಿದೆ. ಅಪೊಸ್ತಲನ ಅಭಿಪ್ರಾಯವು ಸಾಮಾನ್ಯರ ಆಜ್ಞೆಗಿಂತ ಮೇಲು, ಆ ಕಾಲದ ಕಷ್ಟಗಳೇ ಬೇರೆ, ಮುಂದಿನ ಮಾತನ್ನೂ ಗಮನಿಸಬೇಕು, ಹೀಗೆ ಇಪ್ಪತ್ತು ನಿಮಿಷ. ಎದುರು ಹೇಳುವವರಿಲ್ಲದಾಗ ನನ್ನ ದನಿ ನನಗೇ ಕೇಳಿಸತೊಡಗಿತು. ಕಾಲೇಜಿನಲ್ಲಿ ನನಗೊಂದು ನಿಯಮವಿತ್ತು: ವೇದಿಕೆ ಹತ್ತುವ ಮೊದಲು ಎದುರಾಳಿಯ ಪಕ್ಷವನ್ನು ಅವನಿಗಿಂತ ಚೆನ್ನಾಗಿ ಸಿದ್ಧಪಡಿಸಿಕೊಳ್ಳುತ್ತಿದ್ದೆ. ಈ ಹತ್ತು ತಿಂಗಳಲ್ಲಿ ನಿನ್ನ ಪಕ್ಷವನ್ನು ಒಂದು ಸಲವೂ ಸಿದ್ಧಪಡಿಸಿರಲಿಲ್ಲ. ವಾಕ್ಯದ ನಡುವೆಯೇ ಕುಳಿತುಬಿಟ್ಟೆ. ಕುಂಟು ಕುರ್ಚಿ ನನ್ನ ಪಾಲಿಗೆ ಬಂದಿತ್ತು; ಬೀಳುತ್ತಿದ್ದವನನ್ನು ಚಾಲಕ ಹಿಡಿದ.

ಆದ್ದರಿಂದ ಈಗ ನಿನ್ನ ಪಕ್ಷವನ್ನು ನಾನೇ ಮಂಡಿಸುತ್ತೇನೆ. ಆಸ್ಪತ್ರೆಯ ಹದಿನಾಲ್ಕು ವಾರ ನನ್ನ ಮಗನಿಗೆ ಚಮಚದಲ್ಲಿ ಗಂಜಿ ಕುಡಿಸಿದವಳು ನೀನು. ಭೇಟಿಯ ಸಮಯಕ್ಕೆ ಸರಿಯಾಗಿ ಬಂದು, ಡಾಕ್ಟರರೊಡನೆ ವಾದಿಸಿ, ಸಮಯ ಮುಗಿದೊಡನೆ ಹೊರಟವನು ನಾನು. ಅವನು ಹೋದ ಮೇಲೆ ನೀನು ಪ್ರತಿ ಭಾನುವಾರ ಬಂದು ನನ್ನ ಔಷಧದ ಡಬ್ಬಿ ತುಂಬಿದೆ, ಗಡಿಯಾರಕ್ಕೆ ಬ್ಯಾಟರಿ ಹಾಕಿದೆ. ಎಲ್ಲಕ್ಕಿಂತ ಹೆಚ್ಚಾಗಿ ನನ್ನೊಡನೆ ಜಗಳವಾಡಿದೆ. ಅವನಿಗೆ ಚಹಾಕ್ಕೆ ಸಕ್ಕರೆ ಬೇಕಿತ್ತೋ ಬೇಡವೋ, ಹುಬ್ಬಿನ ಮೇಲಿನ ಗಾಯದ ಗುರುತು ಎಡಕ್ಕೋ ಬಲಕ್ಕೋ ಎಂದು ಗಂಟೆಗಟ್ಟಲೆ. ನೆಂಟರು ಅವನನ್ನು ಹೊಗಳಿ ಎದ್ದು ಹೋಗುತ್ತಾರೆ. ಅವನ ಬಗ್ಗೆ ನನ್ನೊಡನೆ ಜಗಳವಾಡಬಲ್ಲವಳು ನೀನೊಬ್ಬಳೇ. ನೀನು ಇನ್ನೊಂದು ಮನೆ ಸೇರಿದರೆ ಆ ಜಗಳ ನಿಲ್ಲುತ್ತದೆ, ಆಗ ಅವನು ಇನ್ನೊಮ್ಮೆ ಹೋಗುತ್ತಾನೆ ಎಂದು ಹೆದರಿದೆ. ಆ ಹೆದರಿಕೆಗೆ ನಾನು ಶಾಸ್ತ್ರದ ಹೆಸರಿಟ್ಟೆ. ನೀನು ಹಾಗೆಯೇ ಉಳಿದರೆ ಸುಖಿಯಾಗುತ್ತಿದ್ದವನು ನಾನು, ನೀನಲ್ಲ.

ಇನ್ನು ನನ್ನ ಉತ್ತರ. ಹೂಂ. ತಾರೀಕು ಇಡು. ತಂದೆಯ ಸ್ಥಾನದಲ್ಲಿ ಯಾರಾದರೂ ನಿಲ್ಲಬೇಕಿದ್ದರೆ ನಿಲ್ಲುತ್ತೇನೆ. ಬೇಡವಾದರೆ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಮದುವೆಯಾದ ಮೇಲೆ ನೀನು ಭಾನುವಾರಗಳಲ್ಲಿ ಬರಬೇಕೆಂಬುದು ಇದಕ್ಕೆ ಷರತ್ತಲ್ಲ. ವಿಮಾ ಕಚೇರಿಯವನ ಮಾತೆಂದು ಅನುಮಾನಿಸಬೇಡ: ಪುಟದ ಕೆಳಗೆ ಸಣ್ಣ ಅಕ್ಷರಗಳಲ್ಲಿ ಇದನ್ನು ರದ್ದುಮಾಡುವ ನಿಯಮ ಯಾವುದೂ ಇಲ್ಲ.

ಗ್ರೀಕ್ ಮುಗಿದಿಲ್ಲ. ಬಿಡುವ ಯೋಚನೆಯೂ ಇಲ್ಲ. ಇಂದು ಸಂಜೆ ಹೊಸ ಪಾಠವಿದೆ.

ನಿನ್ನ ಉತ್ತರಕ್ಕೆ ಕಾಯುವ ಹಕ್ಕು ತನಗಿಲ್ಲವೆಂದು ಬಲ್ಲ, ಆದರೂ ಕಾಯುವ,
ನಿನ್ನ ಮಾವ

ತಾ.ಕ.: ಒಂದು ವಿಷಯವನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ತರಗತಿಗೆ ಸೇರಿದ ಎರಡನೆಯ ತಿಂಗಳು ನಾನು ಅವನ ಕನ್ನಡಕದ ಅಂಗಡಿಗೆ ಹೋಗಿದ್ದೆ. ನೆಪ, ಅಕ್ಷರಗಳ ಮೇಲಿನ ಸಣ್ಣ ಗುರುತುಗಳು ಕಾಣುತ್ತಿಲ್ಲ ಎಂಬುದು. ಉದ್ದೇಶ, ಅವನಲ್ಲೊಂದು ತಪ್ಪು ಹುಡುಕುವುದು. ನಾನು ಯಾರೆಂದು ಹೇಳಲಿಲ್ಲ. ಒಂದು ಗಂಟೆ ಕುಳಿತೆ. ಒಬ್ಬ ಅಜ್ಜಿಗೆ ಒಂದೇ ಸಾಲನ್ನು ಏಳು ಸಲ ಓದಿಸಿದ. ಏಳನೆಯ ಸಲವೂ ಮೊದಲ ಸಲದ ದನಿಯಲ್ಲೇ ಕೇಳಿದ. ನನಗೆ ತಪ್ಪು ಸಿಗಲಿಲ್ಲ. ಅಂದರೆ, ಮಗಳೇ, ಕೊಡಬೇಕಾದ ಉತ್ತರ ನನ್ನ ಬಳಿ ಎಂಟು ತಿಂಗಳಿನಿಂದ ಇತ್ತು. ನನ್ನ ಕಣ್ಣು ಪರೀಕ್ಷಿಸುವಾಗಲೆಲ್ಲ ‘ಸಾರ್, ಸಾರ್’ ಎಂದೇ ಮಾತನಾಡಿಸಿದ. ಹೊರಡುವಾಗ ಮಾತ್ರ ಹಿಂದಿನಿಂದ, “ಮಾವ, ಹೊರಗೆ ಮೂರು ಮೆಟ್ಟಿಲಿದೆ, ನೋಡ್ಕೊಂಡು ಇಳೀರಿ” ಎಂದ. ನಾನು ಕೇಳಿಸದವನಂತೆ ಇಳಿದುಹೋದೆ. ಕೇಳಿಸಿತ್ತು ಎಂದು ಅವನಿಗೆ ಹೇಳು.