ನಿಮ್ಮ ಪಾಲಿನ ಅರ್ಧ

ಒಂದು ಕಾಲಕ್ಕೆ ನನ್ನವರಾಗಿದ್ದವರಿಗೆ,

ನಾನು ಕ್ಷೇಮ. ನೀವೂ ಕ್ಷೇಮವೆಂದು ನಂಬಿ, ಇಷ್ಟು ದಿನ ನಾಲಿಗೆಯ ತುದಿಯಲ್ಲೇ ತಡೆದಿದ್ದ ಮಾತನ್ನು ಹೇಳುತ್ತಿದ್ದೇನೆ. ನಮ್ಮ ಬೈಂಡಿಂಗ್ ಅಂಗಡಿಯ ಸಾಲದಲ್ಲಿ ನಿಮ್ಮ ಪಾಲನ್ನು ಕಟ್ಟಿಬಿಡಿ.

ಕಾಗದ ಕತ್ತರಿಸುವ ಯಂತ್ರ ಕೊಂಡ ದಿನ ನೆನಪಿದೆಯೇ? ಒಬ್ಬರೇ ನಡೆಸಬಹುದಾದ ಚಿಕ್ಕದು ಸಾಕೆಂದು ಮಾರುವವನೇ ಹೇಳಿದ್ದ. ನೀವು ಮಾತ್ರ ಆ ದೊಡ್ಡದರ ಮುಂದಿನಿಂದ ಕದಲಲಿಲ್ಲ. ಈ ಬದಿಯಲ್ಲಿ ಒಬ್ಬರು ಚಕ್ರ ತಿರುಗಿಸಿ ಕಾಗದದ ಕಟ್ಟನ್ನು ಒತ್ತಿಹಿಡಿಯಬೇಕು, ಆ ಬದಿಯಲ್ಲಿ ಇನ್ನೊಬ್ಬರು ಅಲಗನ್ನು ಇಳಿಸಬೇಕು. “ಇವಳು ಒಬ್ಬಳೇ ಯಾಕ್ರೀ ನಿಲ್ತಾಳೆ? ನಾನೇನು ಓಡಿಹೋಗ್ತೀನಾ?” ಎಂದು ನಕ್ಕಿರಿ. ನಾನೂ ನಕ್ಕೆ. ಎದುರುಬದುರು ನಿಂತು ದುಡಿಯುವ ಆಸೆಗೆ ಶಕ್ತಿಮೀರಿ ಸಾಲ ಮಾಡಿದೆವು. ಜಾಮೀನಿಗೆ ನಿಮ್ಮ ಅಕ್ಕ ಏನು, ಎತ್ತ ಎಂದು ಕೇಳದೆ ಸಹಿ ಹಾಕಿದರು.

ವಿಚ್ಛೇದನದ ದಿನ ನ್ಯಾಯಾಲಯದ ಮೆಟ್ಟಿಲಿಳಿಯುವಾಗ, “ಮಷಿನ್ ನಿನಗೇ ಬಿಟ್ಟಿದೀನಲ್ಲ, ಅಲ್ಲಿಗೆ ನಂದು ತೀರ್ತು” ಎಂದಿರಿ. ನ್ಯಾಯಾಧೀಶರು ಸಾಲವನ್ನು ಅರ್ಧರ್ಧ ಹಂಚಿದ್ದು ನಿಮ್ಮ ಕಿವಿಗೆ ಬೀಳಲೇ ಇಲ್ಲವೇನೋ. ನೀವು ಹೋದ ಮೇಲೆ ಆ ಯಂತ್ರದೆದುರು ಒಬ್ಬಳೇ ನಿಂತು ನೋಡಿದೆ. ಚಕ್ರ ಹಿಡಿದರೆ ಅಲಗು ಎಟುಕದು. ಅಲಗಿನ ಬಳಿ ಹೋದರೆ ಕಟ್ಟು ಸಡಿಲುವುದು. ಕೊನೆಗೆ ಅದನ್ನು ಹಳೆಯ ಕಬ್ಬಿಣದ ಬೆಲೆಗೆ ಮಾರಿ, ನನ್ನ ಬಳೆಗಳನ್ನೂ ಸೇರಿಸಿ, ನನ್ನ ಅರ್ಧವನ್ನು ಕಟ್ಟಿದೆ. ಆದರೆ ಬ್ಯಾಂಕಿಗೆ ನ್ಯಾಯಾಲಯದ ಹಂಚಿಕೆ ಲೆಕ್ಕಕ್ಕಿಲ್ಲ. ಸಹಿ ಹಾಕಿದ ಮೂವರೂ ಇಡೀ ಸಾಲಕ್ಕೆ ಹೊಣೆ. ನೀವು ವಿಳಾಸ ತಿಳಿಸದೆ ಊರು ಬಿಟ್ಟಿರಿ, ನನ್ನಲ್ಲಿ ಇನ್ನೇನೂ ಉಳಿದಿರಲಿಲ್ಲ. ಸುಲಭವಾಗಿ ಸಿಕ್ಕವರು ನಿಮ್ಮ ಅಕ್ಕ. ಅವರ ಪಿಂಚಣಿ ಬಂದ ದಿನವೇ ಬ್ಯಾಂಕಿನವರು ಕಂತು ಮುರಿದುಕೊಳ್ಳುತ್ತಾರೆ.

ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿದು ನಿವೃತ್ತರಾದವರು, ಈಗ ಹಾಸಿಗೆ ಹಿಡಿದ ಹೆಂಗಸೊಬ್ಬರನ್ನು ನೋಡಿಕೊಳ್ಳಲು ಮತ್ತೆ ರಾತ್ರಿ ಪಾಳಿಗೆ ಹೋಗುತ್ತಿದ್ದಾರೆ. ಮೊನ್ನೆ ಮಧ್ಯಾಹ್ನ ನನ್ನಲ್ಲಿಗೆ ಬಂದವರು ಲೋಟ ಹಿಡಿದಂತೆಯೇ ತೂಕಡಿಸಿದರು. ನಾನು ಅದನ್ನು ಬಿಡಿಸಿಕೊಳ್ಳಹೋದಾಗ ಎಚ್ಚೆತ್ತು, “ಮುದುಕೀನ ಮುದುಕಿ ಕಾಯೋದು ಕಣೇ. ಯಾರು ಮೊದ್ಲು ನಿದ್ದೆ ಹೋಗ್ತಾರೋ ಅವರೇ ರೋಗಿ” ಎಂದು ನಗಿಸಲು ನೋಡಿದರು. ಬಳಿಕ ದನಿ ತಗ್ಗಿಸಿ, “ಪುಟ್ಟನಿಗೆ ಹೇಳ್ಬೇಡ. ಇದ್ದಿದ್ರೆ ಕೊಡ್ತಿರ್ಲಿಲ್ವಾ? ಸುಮ್ನೆ ನೊಂದ್ಕೋತಾನೆ” ಎಂದರು. ತಲೆ ನರೆತ ನೀವು ಅವರಿಗೆ ಇಂದಿಗೂ ಪುಟ್ಟ. ನಿಮ್ಮ ವಿಳಾಸ ಬಲ್ಲವರು ಅವರೊಬ್ಬರೇ. ಬ್ಯಾಂಕಿನವರೆದುರು ಬಾಯಿ ಬಿಟ್ಟಿಲ್ಲ. ಆ ವಿಳಾಸವನ್ನೂ ನಿಮ್ಮ ಕೆಲಸದ ಜಾಗವನ್ನೂ ನಾನು ಹಿಂದೆಯೇ ಕಾಡಿಬೇಡಿ ತಿಳಿದುಕೊಂಡಿದ್ದೆ.

ನಿಮ್ಮ ಸಂಬಳವನ್ನು ಜಪ್ತಿ ಮಾಡಿಸುವ ಅರ್ಜಿಗೆ ನಿನ್ನೆ ಸಹಿ ಹಾಕಿದ್ದೇನೆ. ವಕೀಲರು ತಿಂಗಳ ಕೊನೆಗೆ ಅದನ್ನು ಸಲ್ಲಿಸುತ್ತಾರೆ. ನೀವು ಕೆಲಸ ಮಾಡುವ ಮುದ್ರಣಾಲಯದಲ್ಲಿ ಎಲ್ಲರೆದುರು ತಲೆ ತಗ್ಗಿಸುವಂತಾಗಬಾರದೆಂದು ಇಷ್ಟು ಕಾಲ ಹಿಂಜರಿದೆ. ಪ್ರೀತಿ ಸತ್ತ ಮೇಲೂ ಅಷ್ಟು ಮರುಕ ಉಳಿದಿತ್ತು. ಆ ಮರುಕದ ಬೆಲೆಯನ್ನು ನಿಮ್ಮ ಅಕ್ಕ ತಮ್ಮ ನಿದ್ದೆಯಿಂದ ತೆರುತ್ತಿದ್ದಾರೆಂದು ತಿಳಿದ ಮೇಲೆ ನನಗೆ ಬೇರೆ ದಾರಿಯಿಲ್ಲ.

ಅದಕ್ಕೆ ಮೊದಲೇ ನೀವಾಗಿ ಕಟ್ಟಿದರೆ ಅರ್ಜಿಯನ್ನು ಹರಿದುಹಾಕುತ್ತೇನೆ. ಕಟ್ಟಿದ ದಿನ ನನಗೆ ತಿಳಿಸುವುದು ಬೇಡ, ಬ್ಯಾಂಕಿನಿಂದಲೇ ತಿಳಿಯುತ್ತದೆ. ನೇರ ಅಕ್ಕನ ಮನೆಗೆ ಹೋಗಿ. ಅವರು ಮಲಗಿದ್ದರೆ ಎಬ್ಬಿಸಬೇಡಿ. ಏಳುವವರೆಗೆ ಪಕ್ಕದಲ್ಲಿ ಕುಳಿತಿರಿ.

ನಿಮಗೆ ಒಳಿತಾಗಲಿ.

ಇಂತು,
ನಿಮಗೆ ಈಗ ಯಾರೂ ಅಲ್ಲದ, ನಿಮ್ಮ ಅಕ್ಕ ಇನ್ನೂ ‘ನಮ್ಮನೆ ಹುಡುಗಿ’ ಎನ್ನುವ
ನಾನು